ಸೊಟ್ಟ ಬೇರೆ, ಕೋನ ಬೇರೆ

ಕಳೆದ ಸಂಚಿಕೆಯಲ್ಲಿ ‘ಕೋನ’ ಅಂತ ಒಂದೇ ಪದ ಕೊಟ್ಟು, ಫೋಟೋನೂ ಕಳಿಸಿ, ಪ್ರಶ್ನೆನೂ ಕಳಿಸಿ ಎಂದಿದ್ದೆ. ಬಂದವುಗಳಲ್ಲಿ ಅರ್ಧದಷ್ಟು ಮೆಟ್ಟಿಲು. ಉಳಿದದ್ದರಲ್ಲಿ ಕರೆಂಟ್ ಕಂಬಗಳದ್ದೇ ಕಾರುಬಾರು. ಒಬ್ಬರು ಮಾತ್ರ ತಮ್ಮ ಅಜ್ಜನ ಮಡಚಿದ ಮೊಣಕಾಲಿನ ಫೋಟೋ ಕಳಿಸಿದ್ದಾರೆ. ಅದರ ಮಾತು ಆಮೇಲೆ.

ನಮ್ಮ ಫೋಟೋ ಬಳಗದಲ್ಲಿ ಈ ತಿಂಗಳ ವಿಷಯ ‘ಆಂಗಲ್’. ಮೊಬೈಲ್ ವಾಲಿಸಿ ಬಸ್ ಸ್ಟ್ಯಾಂಡ್ ತೆಗೆದೆ. ‘ಇದು ಆಂಗಲ್ ಅಲ್ಲ, ಸೊಟ್ಟ’ ಅಂತ ವಾಪಸ್ ಕೊಟ್ಟರು. ಏನು ವ್ಯತ್ಯಾಸ?
— ಶಿವಮೊಗ್ಗದ ಓದುಗರು

ಬೇಜಾರು ಮಾಡ್ಕೋಬೇಡಿ. ಈ ಮಾತು ನಾನೂ ಕೇಳಿಸಿಕೊಂಡಿದ್ದೇನೆ. ಹೊಸಪೇಟೆಯ ನಮ್ಮ ಸ್ಟುಡಿಯೋದಲ್ಲಿ ಅಪ್ಪನ ಜೊತೆ ಕೆಲಸಕ್ಕೆ ನಿಂತ ಹೊಸತು. ಒಂದು ರೀಲಿಗೆ 36 ಫೋಟೋ ಬರುತ್ತಿದ್ದ ಕಾಲ. ಒಂದು ಮದುವೆಯಲ್ಲಿ ಹೊಸದೇನೋ ಮಾಡೋಣ ಅಂತ ಕ್ಯಾಮೆರಾ ವಾಲಿಸಿ ವಾಲಿಸಿ ಧಾರೆಯನ್ನೆಲ್ಲ ತೆಗೆದೆ. ಆಲ್ಬಂ ನೋಡಿದ ಮದುಮಗಳ ಅಜ್ಜಿ, ‘ಅವತ್ತು ಮಂಟಪ ಕುಸಿದಿತ್ತೇನವ್ವಾ? ನಾನು ನೋಡ್ಲೇ ಇಲ್ವಲ್ಲ’ ಅಂದರು. ಅಪ್ಪ ಏನೂ ಬೈಯಲಿಲ್ಲ. ಮರುದಿನ ಮೇಸ್ತ್ರಿಯೊಬ್ಬರು ಮಟ್ಟ ನೋಡುವ ರಸಮಟ್ಟ ತಂದು ನನ್ನ ಮೇಜಿನ ಮೇಲೆ ಇಟ್ಟರು, ಅಷ್ಟೇ.

ಹಾಗಂತ ಕ್ಯಾಮೆರಾ ವಾಲಿಸಲೇಬಾರದು ಅಂತಲ್ಲ. ರಷ್ಯಾದ ಫೋಟೋಗ್ರಾಫರ್ ಅಲೆಕ್ಸಾಂಡರ್ ರೊಡ್‌ಚೆಂಕೊ (1891–1956) ಧಾರಾಳವಾಗಿ ವಾಲಿಸಿದವನು. 1925ರಲ್ಲಿ ಮಾಸ್ಕೋದ ಒಂದು ಕಟ್ಟಡದ ಬುಡಕ್ಕೆ ನಿಂತು ಬಾಲ್ಕನಿಗಳನ್ನು ಕತ್ತೆತ್ತಿ ತೆಗೆದ. ಅವು ಆಕಾಶಕ್ಕೆ ಹಾಕಿದ ಏಣಿಯ ಹಾಗೆ ಕಾಣುತ್ತವೆ. ಆಗಿನ ಕ್ಯಾಮೆರಾಗಳನ್ನು ಹೊಟ್ಟೆಗೆ ಒತ್ತಿಕೊಂಡು ಫೋಟೋ ತೆಗೆಯುವುದು ರೂಢಿ. ಹೊಕ್ಕುಳ ಮಟ್ಟ ಒಂದು ಬಿಟ್ಟು ಎಲ್ಲ ಕಡೆಯಿಂದಲೂ ತೆಗೆಯಿರಿ ಅನ್ನೋದು ಅವನ ವಾದ. ಅವನ ಇನ್ನೊಂದು ಹೆಸರಾಂತ ಚಿತ್ರದಲ್ಲಿ ಮಗುವನ್ನು ಎತ್ತಿಕೊಂಡ ಹೆಂಗಸೊಬ್ಬಳು ಮೆಟ್ಟಿಲು ಹತ್ತುತ್ತಿದ್ದಾಳೆ. ಮೆಟ್ಟಿಲ ಗೆರೆ, ನೆರಳಿನ ಗೆರೆ ಎಲ್ಲ ಒಂದೇ ಓರೆಯಲ್ಲಿ ಸಾಲಾಗಿ ಬಂದಿವೆ. ಅವಳು ಆ ಗೆರೆಗಳನ್ನು ದಾಟಿಕೊಂಡು ಹೋಗುತ್ತಾಳೆ. ಅಲ್ಲಿ ವಾಲಿಸಿದ್ದಕ್ಕೆ ಕಾರಣ ಚಿತ್ರದೊಳಗೇ ಇದೆ, ಅಲ್ವಾ?

ನಿಮ್ಮ ಫೋಟೋ ನೋಡಿದೆ. ನಾಲ್ಕೈದು ಡಿಗ್ರಿ ಮಾತ್ರ ವಾಲಿದೆ. ಅಷ್ಟೇ ವಾಲಿದರೆ ಕೈ ಜಾರಿದೆ ಅನ್ನಿಸುತ್ತದೆ. ಮೂವತ್ತು ಡಿಗ್ರಿ ವಾಲಿದ್ದರೆ ಬೇಕಂತಲೇ ಮಾಡಿದ್ದಾರೆ ಅಂತ ಗೊತ್ತಾಗುತ್ತದೆ. ಆದರೆ ನಿಮಗೆ ಅದೂ ಬೇಕಿಲ್ಲ. ಬಸ್ ಸ್ಟ್ಯಾಂಡಲ್ಲಿ ಬಸ್ಸುಗಳು ಪ್ಲಾಟ್‌ಫಾರ್ಮಿಗೆ ಓರೆಯಾಗಿ ನಿಲ್ಲುತ್ತವೆ. ಪಕ್ಕದ ಯಾವುದಾದರೂ ಕಟ್ಟಡದ ಎರಡನೇ ಮಹಡಿಗೆ ಹೋಗಿ, ಮೊಬೈಲ್ ನೆಟ್ಟಗೆ ಹಿಡಿದು ನೋಡಿ. ಬಸ್ಸಿನ ಸಾಲು ಗರಗಸದ ಹಲ್ಲಿನಂತೆ ಕಾಣುತ್ತದೆ. ಕೋನ ಅಲ್ಲೇ ಇತ್ತು, ನೀವು ಕೆಳಗೆ ನಿಂತಿದ್ರಿ.

ಹಂಪಿಯ ಮೆಟ್ಟಿಲು ಬಾವಿಯ ಫೋಟೋಗಳಲ್ಲಿ ತ್ರಿಕೋನಗಳು ಎದ್ದು ಕಾಣುತ್ತವೆ. ಮೇ ತಿಂಗಳಲ್ಲಿ ಮಧ್ಯಾಹ್ನ ಹೋಗಿದ್ದೆವು. ನನ್ನ ಫೋಟೋದಲ್ಲಿ ಕಲ್ಲಿನ ಗುಡ್ಡೆ ಮಾತ್ರ ಬಂದಿದೆ. ಕ್ಯಾಮೆರಾ ಬದಲಾಯಿಸಬೇಕಾ?
— ಗದಗದ ಓದುಗರು

ಕ್ಯಾಮೆರಾ ಅಲ್ಲ, ಹೊತ್ತು ಬದಲಾಯಿಸಿ. ಇದು ನಮ್ಮೂರ ಮಗ್ಗುಲಿನ ವಿಷಯ, ಹಾಗಾಗಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಸಂಪಾದಕರು ಕ್ಷಮಿಸಲಿ.

ಮಹಾನವಮಿ ದಿಬ್ಬದ ಹತ್ತಿರದ ಆ ಪುಷ್ಕರಣಿ ಮಣ್ಣಿನಡಿ ಮುಚ್ಚಿಹೋಗಿತ್ತು. 1980ರ ದಶಕದ ಉತ್ಖನನದಲ್ಲಿ ಹೊರಗೆ ಬಂತು. ಸುಮಾರು 22 ಮೀಟರ್ ಚೌಕ, 7 ಮೀಟರ್ ಆಳ, ಐದು ಹಂತ. ಕಪ್ಪು ಕಲ್ಲಿನದು. ಯಾವ ಕಲ್ಲು ಯಾವ ದಿಕ್ಕು, ಯಾವ ಸಾಲು ಅಂತ ಕಲ್ಲುಕುಟಿಗರು ಗುರುತು ಕೆತ್ತಿದ್ದಾರೆ. ಬೇರೆಡೆ ಕೆತ್ತಿ ತಂದು ಇಲ್ಲಿ ಜೋಡಿಸಿರಬೇಕು.

ಈಗ ಒಂದೇ ಒಂದು ತ್ರಿಕೋನವನ್ನು ಹತ್ತಿರದಿಂದ ನೋಡಿ. ಪ್ರತಿ ಹಂತದಲ್ಲೂ ಗೋಡೆಗೆ ಒರಗಿದ ಪುಟ್ಟ ಮೆಟ್ಟಿಲು ಸಾಲುಗಳಿವೆ. ಎಡಗಡೆಯಿಂದ ನಾಲ್ಕಾರು ಮೆಟ್ಟಿಲು ಏರುತ್ತದೆ, ತುದಿ ಮುಟ್ಟಿ ಬಲಗಡೆಗೆ ಇಳಿಯುತ್ತದೆ. ಎದುರಿಂದ ನೋಡಿದರೆ ಗೋಪುರದ ಆಕಾರ. ಬೆಳಿಗ್ಗೆ ಬಿಸಿಲು ಪಕ್ಕದಿಂದ ಬಂದಾಗ ಪೂರ್ವಕ್ಕೆ ಮುಖ ಮಾಡಿದ ಮೆಟ್ಟಿಲು ಬೆಳಗುತ್ತದೆ, ಪಶ್ಚಿಮದ್ದು ಕಪ್ಪಾಗುತ್ತದೆ. ತ್ರಿಕೋನ ನಡುವಿಗೆ ಸೀಳಿದ ಹಾಗೆ ಅರ್ಧ ಬೆಳಕು, ಅರ್ಧ ನೆರಳು. ಕಣ್ಣಿಗೆ ಕಾಣೋದು ಈ ಸೀಳು. ಮಧ್ಯಾಹ್ನ ಬಿಸಿಲು ನೆತ್ತಿಯಿಂದ ಬೀಳುವಾಗ ಎರಡೂ ಪಕ್ಕ ಒಂದೇ ಬಣ್ಣ. ಸೀಳು ಇಲ್ಲ, ಕಲ್ಲಿನ ಗುಡ್ಡೆ.

ಅದೂ ನೀವು ಹೋಗಿದ್ದು ಮೇ ತಿಂಗಳಲ್ಲಿ. ಹಂಪಿಯಲ್ಲಿ ಮೇ ಮೊದಲ ವಾರ ಒಮ್ಮೆ, ಆಗಸ್ಟ್ ಎರಡನೇ ವಾರ ಇನ್ನೊಮ್ಮೆ ಸೂರ್ಯ ಸರಿಯಾಗಿ ತಲೆ ಮೇಲೆ ಬರುತ್ತಾನೆ. ಮಧ್ಯಾಹ್ನ 12.20–12.30ರ ಹೊತ್ತಿಗೆ ನೆಟ್ಟ ಕೋಲಿಗೂ ನೆರಳಿರುವುದಿಲ್ಲ. ಬೆಂಗಳೂರಿನಲ್ಲಿ ಈ ನೆರಳಿಲ್ಲದ ದಿನ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು.

ಆ್ಯಪ್ ಗೀಪ್ ಏನೂ ಬೇಡ. ನಿಮ್ಮ ನೆರಳನ್ನೇ ನೋಡಿಕೊಳ್ಳಿ. ನೆರಳು ನಿಮ್ಮಷ್ಟೇ ಉದ್ದ ಇದ್ದರೆ ಸೂರ್ಯ 45 ಡಿಗ್ರಿ ಮೇಲಿದ್ದಾನೆ. ನಿಮ್ಮ ಎರಡರಷ್ಟು ಇದ್ದರೆ ಸುಮಾರು 27 ಡಿಗ್ರಿ. ಇವೆರಡರ ನಡುವಿನ ಹೊತ್ತು ಈ ಬಾವಿಗೆ ಸರಿ. ಅದಕ್ಕಿಂತ ಬೇಗ ಹೋದರೆ ತಳದಲ್ಲಿ ಬರೀ ಕತ್ತಲೆ. ದಕ್ಷಿಣದ ಅಂಚಿನಲ್ಲಿ ನಿಂತು ಎದುರಿನ ಬದಿಯ ಎರಡೇ ಎರಡು ಹಂತಕ್ಕೆ ಜೂಮ್ ಮಾಡಿ. ಇಡೀ ಬಾವಿ ತೆಗೆಯುವ ಆಸೆಯಲ್ಲೇ ಎಲ್ಲರೂ ಕೆಡೋದು. ಹದಿನೈದು ತ್ರಿಕೋನ ಸಾಕು, ಉಳಿದದ್ದನ್ನು ನೋಡುವವರು ಊಹಿಸಿಕೊಳ್ಳುತ್ತಾರೆ.

ಗೋಲಗುಮ್ಮಟ ತೆಗೆದರೆ ಗೋಪುರಗಳು ಒಳಗೆ ವಾಲುತ್ತವೆ. ಯಾಕೆ?
— ಬಾಗಲಕೋಟೆಯ ಓದುಗರು

ನೀವು ಮೊಬೈಲನ್ನು ಮೇಲಕ್ಕೆ ಎತ್ತಿದ್ದಕ್ಕೆ. ಕ್ಯಾಮೆರಾ ಗೋಡೆಗೆ ಸಮಾನಾಂತರ ಇದ್ದರೆ ನೆಟ್ಟಗಿನ ಗೆರೆ ನೆಟ್ಟಗೇ ಬರುತ್ತದೆ. ಮೇಲಕ್ಕೆ ಎತ್ತಿದಿರೋ, ರೈಲು ಹಳಿ ದೂರದಲ್ಲಿ ಕೂಡುವ ಹಾಗೆ ಗೆರೆಗಳು ಮೇಲೆ ಕೂಡಿಕೊಳ್ಳುತ್ತವೆ. ಹಿಂದೆ ಹಿಂದೆ ಹೋಗಿ, ಮೊಬೈಲ್ ನೆಟ್ಟಗೆ ಹಿಡಿಯಿರಿ. ನೆಲ ಜಾಸ್ತಿ ಬಂದರೆ ಬರಲಿ, ಆಮೇಲೆ ಕತ್ತರಿಸಿ. ಸ್ನ್ಯಾಪ್‌ಸೀಡ್ ಅನ್ನೋ ಫೋಟೋ ತಿದ್ದುವ ಆ್ಯಪ್‌ನಲ್ಲಿ ಗೆರೆ ನೆಟ್ಟಗೆ ಮಾಡುವ ಸೌಕರ್ಯ ಇದೆ, ಆದರೆ ಅದು ಅಂಚುಗಳನ್ನು ತಿನ್ನುತ್ತದೆ. ತೆಗೆಯುವಾಗಲೇ ಸುತ್ತ ಜಾಗ ಬಿಟ್ಟುಕೊಳ್ಳಿ.

ನನ್ನ ಕೇಳಿದರೆ ಗೋಲಗುಮ್ಮಟದ ಕೋನ ಇರುವುದು ಒಳಗೆ. ಸುಮಾರು 44 ಮೀಟರ್ ಅಗಲದ ದುಂಡು ಗುಮ್ಮಟವನ್ನು ಚೌಕ ಕೋಣೆಯ ಮೇಲೆ ಕೂರಿಸಿದ್ದಾರೆ. ದುಂಡಿಗೂ ಚೌಕಕ್ಕೂ ನಂಟು ಬೆಳೆಸಿದ್ದು ಒಂದನ್ನೊಂದು ದಾಟುವ ಎಂಟು ಕಮಾನುಗಳು. ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕದ ಲೆಕ್ಕ ಅದು. ಅಲ್ಲಿ ಸೆಲ್ಫಿ ಕ್ಯಾಮೆರಾ ಆನ್ ಮಾಡಿ, 10 ಸೆಕೆಂಡ್ ಟೈಮರ್ ಇಟ್ಟು, ಮೊಬೈಲನ್ನು ನೆಲದ ಮೇಲೆ ಅಂಗಾತ ಇಟ್ಟು ದೂರ ಸರಿಯಿರಿ. ನಟ್ಟನಡುವೆ ಸಮಾಧಿ ಕಟ್ಟೆ ಇದೆ, ಅದರ ಮೇಲೆ ಬೇಡ. ಪಕ್ಕದಲ್ಲಿಟ್ಟರೂ ಕಮಾನುಗಳ ಚೂಪು ಚೆನ್ನಾಗಿಯೇ ಬರುತ್ತದೆ. ಮೊಬೈಲ್ ಮೇಲೆ ಯಾರೂ ಕಾಲಿಡದ ಹಾಗೆ ಒಬ್ಬರನ್ನು ಕಾವಲು ನಿಲ್ಲಿಸಿ. ಇದು ಅನುಭವದ ಮಾತು.

ಸೋಮನಾಥಪುರದ ದೇವಸ್ಥಾನ ನಕ್ಷತ್ರಾಕಾರ ಅಂತಾರೆ. ಡ್ರೋನ್ ಇಲ್ಲದೆ ಅದನ್ನು ತೋರಿಸಬಹುದಾ?
— ಮೈಸೂರಿನ ಓದುಗರು

ಡ್ರೋನ್ ಮನೆಯಲ್ಲೇ ಇರಲಿ, ಅದಕ್ಕೆ ಅನುಮತಿ ಬೇಕು. 1258ರ ಆ ಗುಡಿಯ ಜಗತಿ, ಅಂದರೆ ಕೆಳಗಿನ ಕಟ್ಟೆ, ಗುಡಿಯ ಆಕಾರದಲ್ಲೇ ಮೂಲೆ ಮೂಲೆಯಾಗಿ ಒಡೆದು ಬರುತ್ತದೆ. ಗುಡಿಯ ಹಿಂಬದಿಗೆ ಹೋಗಿ, ಮೊಬೈಲನ್ನು ಜಗತಿಯ ಅಂಚಿನ ಮಟ್ಟಕ್ಕೆ ತಂದು, ಅಂಚಿನುದ್ದಕ್ಕೂ ನೋಡಿ. ಒಂದು ಮೂಲೆ ಮುಂದೆ, ಒಂದು ಹಿಂದೆ, ಮತ್ತೊಂದು ಮುಂದೆ. ಇಡೀ ನಕ್ಷತ್ರ ಬೇಡ, ನಾಲ್ಕು ಮೊನೆ ಸಾಕು.

ನನ್ನ ಮುಖ ಮೊಬೈಲಲ್ಲಿ ಉದ್ದ, ಮೂಗು ದಪ್ಪ. ಯಾವ ಆಂಗಲ್ ಒಳ್ಳೇದು?
— ಬೆಂಗಳೂರಿನ ಓದುಗರು

ಆಂಗಲ್ ತಪ್ಪಲ್ಲ, ದೂರ ತಪ್ಪು. ತೀರಾ ಹತ್ತಿರದಿಂದ ತೆಗೆದರೆ ಕಿವಿಗಿಂತ ಮೂಗು ಕ್ಯಾಮೆರಾಗೆ ಬಹಳ ಹತ್ತಿರ, ಹಾಗಾಗಿ ದೊಡ್ಡದಾಗುತ್ತದೆ. ಬೇರೆಯವರ ಕೈಗೆ ಮೊಬೈಲ್ ಕೊಟ್ಟು, ಐದಾರು ಅಡಿ ದೂರದಿಂದ ಜೂಮ್ ಮಾಡಿ ತೆಗೆಸಿ. ಕಿಟಕಿ ಒಂದು ಪಕ್ಕಕ್ಕೆ, ಸ್ವಲ್ಪ ಮುಂದಕ್ಕೆ ಇರಲಿ. ಕತ್ತಲ ಕಡೆಯ ಕೆನ್ನೆಯ ಮೇಲೆ ಪುಟ್ಟ ತ್ರಿಕೋನದ ಬೆಳಕು ಬೀಳುವವರೆಗೆ ಮುಖ ತಿರುಗಿಸಿ. ಹಳೆ ಸ್ಟುಡಿಯೋದವರೆಲ್ಲ ಈ ತ್ರಿಕೋನವನ್ನೇ ಹುಡುಕುತ್ತಿದ್ದರು.

ಮನೆ ಬಿಟ್ಟು ಹೊರಗೆ ಹೋಗಲು ಆಗುವುದಿಲ್ಲ. ಅತ್ತೆಗೆ ಹುಷಾರಿಲ್ಲ. ಅಡುಗೆಮನೆಯಲ್ಲಿ ಏನು ಕೋನ ಸಿಗುತ್ತೆ?
— ಧಾರವಾಡದ ಓದುಗರು

ಅಯ್ಯೋ, ಅಲ್ಲಿರುವಷ್ಟು ಇನ್ನೆಲ್ಲಿ? ಶಂಕರಪೋಳಿ ಕತ್ತರಿಸುವಾಗ ಲಟ್ಟಿಸಿದ ಹಿಟ್ಟಿನ ಮೇಲೆ ಮೊದಲು ಉದ್ದುದ್ದ ಗೆರೆ, ಆಮೇಲೆ ಓರೆ ಗೆರೆ ಎಳೀತೀರಿ. ಓರೆ ಗೆರೆ ಅರ್ಧಕ್ಕೆ ಬಂದ ಹೊತ್ತಿಗೆ ಅರ್ಧ ಹಿಟ್ಟು ಪಟ್ಟಿ ಪಟ್ಟಿ, ಅರ್ಧ ವಜ್ರದ ಆಕಾರ. ಆ ಗಳಿಗೆ ತೆಗೆಯಿರಿ, ನೇರ ಮೇಲಿಂದ, ಚಾಕು ಹಿಡಿದ ಕೈ ಸಮೇತ. ಹಿಟ್ಟಿನ ಅಂಚು ದುಂಡಗೆ ಇರುತ್ತಲ್ಲ, ಅಲ್ಲಿ ಸಿಗುವ ಅರೆಬರೆ ಮೂಲೆ ತುಂಡುಗಳನ್ನು ಮಾತ್ರ ಕತ್ತರಿಸಿ ಹಾಕಬೇಡಿ, ಮಜಾ ಅಲ್ಲೇ ಇರೋದು. ನಮ್ಮ ಮನೆಯಲ್ಲಿ ಮಕ್ಕಳ ಜಗಳವೂ ಆ ತುಂಡಿಗೇ.

ಇನ್ನು ಅಜ್ಜನ ಮೊಣಕಾಲಿಗೆ ಬರೋಣ. ಕಳಿಸಿದವರು ಹಾವೇರಿ ಕಡೆಯವರು. ಅಜ್ಜ ಜಗುಲಿಯಲ್ಲಿ ಒಂದು ಕಾಲು ಮಡಚಿ ಕೂತಿದ್ದಾರೆ. ಮೊಣಕಾಲ ಮೇಲೆ ಮೊಣಕೈ, ಅಂಗೈ ಮೇಲೆ ಗದ್ದ. ಮೂರು ಕೋನ ಒಂದರ ಮೇಲೊಂದು, ಕೊನೆಗೆ ಮುಖ. ಧೋತರದ ಮಡಿಕೆಯೂ ಅದೇ ಓರೆಯಲ್ಲಿ ಇಳಿದಿದೆ. ಧಾರವಾಡದ ಅಕ್ಕಾವ್ರೇ, ನಿಮ್ಮ ಅತ್ತೆಯವರು ಮಂಚದ ಮೇಲೆ ದಿಂಬಿಗೆ ಒರಗಿ ಕೂತಾಗ ಅವರ ಕೈ ಹೇಗಿರುತ್ತೆ ಒಮ್ಮೆ ನೋಡಿ. ಮೊದಲು ಅವರನ್ನು ಕೇಳಿ, ಒಪ್ಪಿದರೆ ಕಿಟಕಿ ಪರದೆ ಸರಿಸಿ. ಫೋಟೋ ಬಂದರೆ ಮುಂದಿನ ಸಂಚಿಕೆಗೆ ಕಳಿಸಿ. ಶಂಕರಪೋಳಿ ಕಳಿಸಿದರೂ ಅಡ್ಡಿಯಿಲ್ಲ.