ಹೈಫಾ ಫೋಟೋದಲ್ಲಿ ಇರೋರು ನಮ್ಮೋರಾ?

ಪ್ರಶ್ನೆ: ಪ್ರತಿ ಸೆಪ್ಟೆಂಬರ್ ಬಂತು ಅಂದ್ರೆ ನಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ಫೋಟೋ ಬರತ್ತೆ, ಬಯಲಲ್ಲಿ ಕುದುರೆಗಳು ಸಾಲಾಗಿ ಧೂಳೆಬ್ಬಿಸ್ಕೊಂಡು ನುಗ್ತಿರೋದು, ಕೆಳಗೆ ‘ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್’ ಅಂತ. ಪ್ರಿಂಟ್ ಹಾಕಿಸಿ ಕಳಿಸಿದೀನಿ. ನಿಜಾನಾ ಸಾರ್?
— ಓದುಗರು, ತುಮಕೂರು

ಉತ್ತರ: ಹೈಫಾ (ಈಗಿನ ಇಸ್ರೇಲ್‌ನ ಬಂದರು ಊರು) ಮೊದಲನೇ ಮಹಾಯುದ್ಧದಲ್ಲಿ ತುರ್ಕರಿಂದ ಗೆದ್ದಿದ್ದಂತೂ ನಿಜ ಕಣ್ರೀ. 1918ರ ಸೆಪ್ಟೆಂಬರ್ 23, ಜೋಧ್‌ಪುರದ ಸವಾರರು ಊರೊಳಗೆ ನುಗ್ಗಿದ್ರು, ಮೈಸೂರು ಲ್ಯಾನ್ಸರ್ಸ್, ಅಂದ್ರೆ ನಮ್ಮ ಮೈಸೂರು ಸಂಸ್ಥಾನದ ಕುದುರೆ ದಳ, ಅದರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳನ್ನ ಹಿಡೀತು. ಆದ್ರೆ ನಿಮ್ಮ ಫೋಟೋನ ಭೂತಗನ್ನಡಿ ಹಿಡ್ಕೊಂಡು ನೋಡ್ದೆ, ಒಬ್ಬರ ಕೈಲೂ ಭರ್ಜಿ ಕಾಣಲ್ಲ, ಲ್ಯಾನ್ಸರ್ ಅಂದ್ರೇನೇ ಭರ್ಜಿಯವನು, ಒಬ್ಬಾಳಿಗಿಂತ ಉದ್ದ ಇರೋ ಭರ್ಜಿ ಅದು, ಅಷ್ಟು ಜನ ಒಟ್ಟಿಗೆ ಹಿಡ್ಕೊಂಡಿದ್ರೆ ಕಾಣದೆ ಎಲ್ಲಿ ಹೋಗತ್ತೆ? ಇವರು ಆಸ್ಟ್ರೇಲಿಯಾದ ಲೈಟ್ ಹಾರ್ಸ್ ಅನ್ನೋ ಕುದುರೆ ದಳದವರು. ಫೋಟೋನೂ ಹೈಫಾದ್ದಲ್ಲ, ಅದೇ ಯುದ್ಧದ ಬೀರ್‌ಷೆಬಾ (ಹೈಫಾಗಿಂತ ದಕ್ಷಿಣಕ್ಕಿರೋ ಊರು) ದಾಳಿದು ಅಂತ ಫೇಮಸ್ ಆಗಿರೋದು. ಆ ದಾಳಿ ನಡೆದಿದ್ದು 1917ರ ಅಕ್ಟೋಬರ್ 31ಕ್ಕೆ, ಅವತ್ತು ಅವರ ಹತ್ರ ಕತ್ತಿ ಕೂಡ ಇರ್ಲಿಲ್ಲ, ರೈಫಲ್ ಬೆನ್ನಿಗೆ ಹಾಕ್ಕೊಂಡು ಬಯೋನೆಟ್‌ನೇ (ರೈಫಲ್ ತುದಿಗೆ ಸಿಗಿಸೋ ಚಾಕು) ಕತ್ತಿ ಥರ ಕೈಲಿ ಹಿಡ್ಕೊಂಡು ಹೋಗಿದ್ರು. ಇನ್ನೊಂದು ತಮಾಷೆ, ಈ ಫೋಟೋ ದಾಳಿ ದಿನದ್ದೇ ಅಲ್ಲ, ಆಮೇಲೆ ಕ್ಯಾಮೆರಾಗೋಸ್ಕರ ಓಡಿಸಿದ್ದು ಅಂತ ತುಂಬಾ ಜನರ ವಾದ. ನನಗೂ ಹಂಗೇ ಅನ್ಸತ್ತೆ, ಗುಂಡು ಹಾರ್ತಿರೋವಾಗ ಎದುರಿಗೆ ನಿಂತು ಯಾರ್ರೀ ಅಷ್ಟು ನೀಟಾಗಿ ಕ್ಲಿಕ್ ಮಾಡ್ತಾರೆ?

ನಮ್ಮೋರ ಫೋಟೋ ಬೇರೆನೇ ಇದೆ, ಊರು ಗೆದ್ದ ಮೇಲೆ ಹೈಫಾ ಬೀದಿಲಿ ಭಾರತದ ಭರ್ಜಿ ಸವಾರರು ಸಾಲಾಗಿ ಹೋಗ್ತಿರೋದು. ಅದ್ರಲ್ಲಿ ಧೂಳಿಲ್ಲ, ಆವೇಶ ಇಲ್ಲ, ಅದಕ್ಕೇ ಯಾರೂ ಫಾರ್ವರ್ಡ್ ಮಾಡಲ್ಲ. ಮುಂದಿನ ಸೆಪ್ಟೆಂಬರ್‌ಗೆ ನೀವು ಅದನ್ನ ಹಾಕಿ. ಬೆಂಗಳೂರಿಗೆ ಬಂದಾಗ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ, ಒಂದ್ಸಲ ನೋಡ್ಕೊಂಡು ಹೋಗಿ.

ಪ್ರಶ್ನೆ: ಅಮೆರಿಕದಲ್ಲಿರೋ ನಮ್ಮ ಭಾವ ಹಳೇ ಮಿಲಿಟರಿ ರೈಫಲ್ ತಗೊಂಡಿದಾರೆ, ಇಂಡಿಯಾದ್ದಂತೆ. ಹಿಡಿ ಹತ್ರ ಕಬ್ಬಿಣದ ಮೇಲೆ ‘ಆರ್‌ಎಫ್‌ಐ, 2ಎ1, 1965’ ಅಂತ ಒತ್ತಿದೆ. ಚೀನಾ ಯುದ್ಧದ್ದು ಅಂತ ಹೇಳಿ ಮಾರಿದಾರೆ.
— ಓದುಗರು, ಹಾಸನ

ಉತ್ತರ: ಚೀನಾ ಯುದ್ಧ ಆಗಿದ್ದು 1962ರಲ್ಲಿ, ರೈಫಲ್ ಹುಟ್ಟಿದ್ದು 65ರಲ್ಲಿ, ಲೆಕ್ಕ ನೀವೇ ಹಾಕಿ! ಆರ್‌ಎಫ್‌ಐ ಅಂದ್ರೆ ಬಂಗಾಳದ ಇಶಾಪುರ ರೈಫಲ್ ಫ್ಯಾಕ್ಟರಿ. 62ರಲ್ಲಿ ನಮ್ಮ ಜವಾನರ ಕೈಲಿದ್ದಿದ್ದು ಹಳೇ 303, ಅಂದ್ರೆ 303 ತೋಟಾ ಹಾಕೋ ಬ್ರಿಟಿಷರ ಕಾಲದ ಲೀ-ಎನ್‌ಫೀಲ್ಡ್ ರೈಫಲ್, ಆ ಯುದ್ಧ ಆದ್ಮೇಲೆ ಅದೇ ಲೀ-ಎನ್‌ಫೀಲ್ಡ್‌ನ 7.62 ಮಿ.ಮೀ. ತೋಟಾಗೆ ಹೊಂದಿಸಿ ಮಾಡಿದ್ದು ಈ 2ಎ1. ಮ್ಯಾಗಜಿನ್ (ತೋಟಾ ತುಂಬೋ ಡಬ್ಬಿ) ನೋಡಕ್ಕೆ ಹೇಳಿ, 303ದಕ್ಕಿಂತ ಚೌಕಾಕಾರ ಇದ್ದು ಹನ್ನೆರಡು ತೋಟಾ ಹಿಡಿಸಿದ್ರೆ ಅದೇ. ಬ್ಯಾರೆಲ್ ಕತ್ತರಿಸಿ ಮೂತಿಗೆ ಕೊಳವೆ ಥರದ್ದೊಂದು ಸಿಗಿಸಿದ್ರೆ ಮಾತ್ರ ಅದು ಅಮೆರಿಕದ ವ್ಯಾಪಾರಿಗಳ ಕೈಚಳಕ, ಸೈನ್ಯದ್ದಲ್ಲ. ಮತ್ತೆ ಇಂಡಿಯಾ ರೈಫಲ್ ಅಲ್ವಾ ಅಂತ 303 ತೋಟಾ ತಂದು ತುರುಕೋಕೆ ಹೋಗೋದು ಬೇಡ ಅಂತ ಭಾವಂಗೆ ಇವತ್ತೇ ಫೋನ್ ಮಾಡಿ ಹೇಳಿ.