ಕಬ್ಬಿಣದ ತಿರುಳಿಗೆ ಬಲ್ಬು ಹಾಕಬೇಡಿ

ಮುಧೋಳದ ಸರ್, ವಸ್ತುಪ್ರದರ್ಶನಕ್ಕೆಂದು ನಿಮ್ಮ ಮಕ್ಕಳು ಮಾಡಿರುವ ದೈತ್ಯ ನಕ್ಷತ್ರದ ಥರ್ಮೋಕೋಲ್ ಮಾದರಿಯ ಫೋಟೊ ನೋಡಿದೆ. ಕೆಲಸ ಅಚ್ಚುಕಟ್ಟಾಗಿದೆ, ಆದರೆ ನಟ್ಟನಡುವಿನ ಕಬ್ಬಿಣದ ತಿರುಳಿಗೆ ಕೆಂಪು ಬಲ್ಬು ಹಾಕಿ, ‘ಕಬ್ಬಿಣ ಉರಿದು ಮುಗಿದಾಗ ನಕ್ಷತ್ರ ಸಿಡಿಯುತ್ತದೆ’ ಎಂದು ಅಂಟಿಸಿರುವ ಚೀಟಿಯನ್ನು ದಯವಿಟ್ಟು ಇಂದೇ ತೆಗೆಸಿರಿ. ಪ್ರತಿ ಪ್ರದರ್ಶನದಲ್ಲೂ ಇದೇ ತಪ್ಪು ಮರಳಿ ಬರುತ್ತದೆ, ಬಹುಮಾನವೂ ಅದಕ್ಕೇ ಸಿಗುತ್ತದೆ.

ನಕ್ಷತ್ರದಲ್ಲಿ ‘ಉರಿಯುವುದು’ ಎಂದರೆ ಪರಮಾಣುಗಳ ನಡುವಿನ ಬೀಜಗಳು ಬೆಸೆದು ಶಕ್ತಿ ಹೊಮ್ಮುವುದು. ಕಬ್ಬಿಣದ ಬೀಜಗಳನ್ನು ಮತ್ತೆ ಬೆಸೆಯಲು ಹೋದರೆ ಶಕ್ತಿ ಸಿಗುವ ಬದಲು ಖರ್ಚಾಗುತ್ತದೆ. ಬೆಳಕು ಬೇಕೇ ಬೇಕೆಂದರೆ ಸುತ್ತಲಿನ ಸಿಲಿಕಾನ್ ಪದರಕ್ಕೆ ಹಾಕಿರಿ. ಆ ಪದರ ಉರಿದು ಕಬ್ಬಿಣವಾದಂತೆಲ್ಲ ತಿರುಳಿನ ದ್ರವ್ಯರಾಶಿ ಹೆಚ್ಚುತ್ತ ಹೋಗಿ, ಸೂರ್ಯನ ಸುಮಾರು 1.4 ಪಟ್ಟು ಇರುವ ಚಂದ್ರಶೇಖರ್ ಮಿತಿಯ ಆಸುಪಾಸಿಗೆ ಬಂದಾಗ, ಎಲೆಕ್ಟ್ರಾನುಗಳ ಒತ್ತಡವು ಅದನ್ನು ಹೊರಲಾರದೆ, ಹೆಚ್ಚುಕಡಿಮೆ ಭೂಮಿಯಷ್ಟಿದ್ದ ಗೋಳ ಸೆಕೆಂಡಿನೊಳಗೆ ಕುಸಿಯುತ್ತದೆ. ಸಿಡಿತಕ್ಕೆ ಕಾರಣ ಈ ಕುಸಿತ.

ಇನ್ನು ಒಂದಾದ ಮೇಲೊಂದು ಉರಿಯುವ ಇಂಧನಗಳ ಪದರಗಳನ್ನೆಲ್ಲ ಒಂದೇ ದಪ್ಪಕ್ಕೆ ಕತ್ತರಿಸಿದ್ದೀರಿ, ಇದರಿಂದ ಎಲ್ಲ ಹಂತಗಳೂ ಸಮಕಾಲ ನಡೆಯುತ್ತವೆಂಬ ಭಾವನೆ ಮೂಡುತ್ತದೆ. ಪಕ್ಕದಲ್ಲೊಂದು ನೂಲಿನ ಮಾದರಿ ಇಡಿರಿ. ಸೂರ್ಯನ 15 ಪಟ್ಟು ರಾಶಿಯ ನಕ್ಷತ್ರವನ್ನು ತೆಗೆದುಕೊಂಡು, ಸಾವಿರ ವರ್ಷಕ್ಕೆ ಒಂದು ಮಿಲಿಮೀಟರ್ ಎಂದು ಹಿಡಿದರೆ, ಹೈಡ್ರೋಜನ್ ಹಂತದ ಸುಮಾರು 1.1 ಕೋಟಿ ವರ್ಷಗಳಿಗೆ 11 ಮೀಟರ್ ನೂಲು ಬೇಕು, ಹೀಲಿಯಂ ಹಂತದ ಸುಮಾರು 20 ಲಕ್ಷ ವರ್ಷಗಳಿಗೆ 2 ಮೀಟರ್ ಸಾಕು, ಸುಮಾರು 2000 ವರ್ಷದ ಕಾರ್ಬನ್ ಹಂತಕ್ಕೆ ಎರಡೇ ಮಿಲಿಮೀಟರ್. ಅಷ್ಟು ಚಿಕ್ಕ ಜಾಗದಲ್ಲಿ ಗುರುತಿಗೆ ಬಣ್ಣ ಬಳಿದರೆ ಹರಡಿಬಿಡುತ್ತದೆ. ಬೇರೆ ಬಣ್ಣದ ಎಳೆಯಿಂದ ಬಿಗಿಯಾಗಿ ಒಂದು ಗಂಟು ಹಾಕಿದರೆ ಅಳತೆ ಸರಿಹೋಗುತ್ತದೆ. ನಿಯಾನ್, ಆಕ್ಸಿಜನ್, ಸಿಲಿಕಾನ್ ಮೂರೂ ಸೇರಿ ಕೆಲವೇ ವರ್ಷ, ಎಂದರೆ ಕೂದಲೆಳೆಯ ದಪ್ಪದ ಹತ್ತರಲ್ಲೊಂದು ಪಾಲೂ ಆಗುವುದಿಲ್ಲ. ಅಲ್ಲಿ ನೂಲನ್ನು ಕತ್ತರಿಸಿಬಿಡಿ. ಉಣ್ಣೆಯ ದಾರ ಎಳೆದರೆ ಹಿಗ್ಗುತ್ತದೆ, ಬೇಡ. ಬನಹಟ್ಟಿಯ ಕಡೆಯಿಂದ ಗಂಜಿ ಹಾಕಿದ ಹತ್ತಿಯ ನೂಲು ತರಿಸಿರಿ.

ಕೊನೆಯ ಹಂತಗಳಿಗೆ ಇಷ್ಟು ಅವಸರವೇಕೆ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಕಾರ್ಬನ್ ಹಂತದಿಂದ ಮುಂದೆ ತಿರುಳು ಎಷ್ಟು ಬಿಸಿಯಾಗುತ್ತದೆಂದರೆ, ಅಲ್ಲಿ ಹುಟ್ಟುವ ನ್ಯೂಟ್ರಿನೊಗಳೆಂಬ ಅತಿಸೂಕ್ಷ್ಮ ಕಣಗಳು ಯಾವುದಕ್ಕೂ ತಡೆಯದೆ ಶಕ್ತಿಯನ್ನು ನೇರವಾಗಿ ಹೊರಗೆ ಒಯ್ಯುತ್ತವೆ. ಆ ಸೋರಿಕೆ ತುಂಬಲು ಇಂಧನ ಇನ್ನಷ್ಟು ವೇಗವಾಗಿ ಉರಿಯಬೇಕಾಗುತ್ತದೆ. ಸಿಲಿಕಾನ್ ಹಂತದಲ್ಲಿ ತಾಪ ಸುಮಾರು 300 ಕೋಟಿ ಕೆಲ್ವಿನ್. ಆದರೆ ಎಚ್ಚರ: 25 ಪಟ್ಟು ರಾಶಿಯ ನಕ್ಷತ್ರದಲ್ಲಿ ಈ ಹಂತ ಸುಮಾರು ಒಂದೇ ದಿನ, 15 ಪಟ್ಟಿನದರಲ್ಲಿ ಎರಡು-ಮೂರು ವಾರ. ಎರಡು ನಕ್ಷತ್ರಗಳ ಅಂಕಿಗಳನ್ನು ಒಂದೇ ಚಾರ್ಟಿನಲ್ಲಿ ಕಲಸಬೇಡಿ. ನಿಮ್ಮ ಫೋಟೊದಲ್ಲಿ ಕಲಸಿದಂತೆಯೇ ಕಾಣುತ್ತಿದೆ.

ಅಂಟಿಸಲು ಫೆವಿಕಾಲ್ ಸಾಕು. ಸ್ಪ್ರೇ ಪೇಂಟ್ ಹೊಡೆದರೆ ಥರ್ಮೋಕೋಲ್ ಕರಗಿ ಗುಳಿ ಬೀಳುತ್ತದೆ, ಪೋಸ್ಟರ್ ಬಣ್ಣವನ್ನೇ ಬಳಸಿರಿ.

‘ಆರ್ದ್ರಾ ಇನ್ನೇನು ಸಿಡಿಯಲಿದೆ’ ಎಂಬ ಇನ್ನೊಂದು ಚೀಟಿಯೂ ಬೇಡ. 2019ರ ಕೊನೆಯಿಂದ 2020ರ ಫೆಬ್ರವರಿವರೆಗೆ ಈ ಕೆಂಪು ನಕ್ಷತ್ರ (ಬೆಟೆಲ್‌ಗೂಸ್) ಮಂಕಾದದ್ದಕ್ಕೆ ಮುಖ್ಯ ಕಾರಣ ಅದೇ ಉಗುಳಿದ ಅನಿಲದಿಂದಾದ ಧೂಳು. ಹಾಗೆಯೇ, ಸಿಡಿಯುವ ನಕ್ಷತ್ರವೆಂದರೆ ಕೆಂಪೇ ಆಗಬೇಕೆಂದಿಲ್ಲ: 1987ರ ಫೆಬ್ರವರಿಯಲ್ಲಿ ನಮ್ಮ ನೆರೆಯ ಚಿಕ್ಕ ಗೆಲಾಕ್ಸಿಯಾದ ದೊಡ್ಡ ಮೆಗೆಲನ್ ಮೋಡದಲ್ಲಿ ಸಿಡಿದದ್ದು ನೀಲಿ ಅತಿದೈತ್ಯ, ಬೆಳಕಿಗಿಂತ ಕೆಲವು ಗಂಟೆ ಮೊದಲೇ ಅದರ ನ್ಯೂಟ್ರಿನೊಗಳು ಜಪಾನಿನ ಕಾಮಿಯೊಕಾಂಡೆಯ ನೀರಿನ ತೊಟ್ಟಿಯಲ್ಲಿ ದಾಖಲಾಗಿದ್ದವು. ಇನ್ನೊಂದು ಗೋಳ ಮಾಡುವುದಾದರೆ ಅದಕ್ಕೆ ನೀಲಿ ಬಳಿಯಿರಿ.