ಎರಡನೇ ಮಹಾಯುದ್ಧದ ಮಧ್ಯೆ ಬ್ರಿಟನ್‌ನಲ್ಲಿ ಹೊಸ ಎಕ್ಸ್‌ಪ್ರೆಸ್ ಉಗಿ ಇಂಜಿನ್ ಕಟ್ಟಲು ಒಪ್ಪಿಗೆ ಹೇಗೆ ಸಿಕ್ಕಿತು? 'ಮರ್ಚೆಂಟ್ ನೇವಿ' ಇಂಜಿನ್ ನಿಜಕ್ಕೂ ಚೆನ್ನಾಗಿತ್ತಾ?

ಒಪ್ಪಿಗೆ ಸಿಕ್ಕಿದ್ದು ಸ್ವಲ್ಪ ಜಾಣತನದಿಂದ. ಆಗ ಬರೀ ಪ್ಯಾಸೆಂಜರ್ ಗಾಡಿಗೆ ಅಂತ ದೊಡ್ಡ ಇಂಜಿನ್ ಕಟ್ಟುವ ಹಾಗಿರಲಿಲ್ಲ. ಬ್ರಿಟನ್ನಿನ ಸದರ್ನ್ ರೈಲ್ವೆಯ ಮುಖ್ಯ ಮೆಕ್ಯಾನಿಕಲ್ ಎಂಜಿನಿಯರ್ ಆಲಿವರ್ ಬುಲೀಡ್ ಇದನ್ನು ಗೂಡ್ಸಿಗೂ ಆಗುವ ಇಂಜಿನ್ ಎಂದು ದಾಖಲೆಯಲ್ಲಿ ತೋರಿಸಿದರು. ಗಾಲಿ 6 ಅಡಿ 2 ಇಂಚು, ಎಕ್ಸ್‌ಪ್ರೆಸ್ ಇಂಜಿನ್ನಿಗೆ ಕೊಂಚ ಚಿಕ್ಕದೇ. ಹಾಗಾಗಿ ಆ ಮಾತು ನಡೆಯಿತು. 1941ರಲ್ಲಿ ಈಸ್ಟ್‌ಲೀ ವರ್ಕ್‌ಶಾಪಿನಿಂದ ಮೊದಲನೆಯದು ಹೊರಬಂತು, ಹೆಸರು ಚಾನೆಲ್ ಪ್ಯಾಕೆಟ್. 1949ರ ಹೊತ್ತಿಗೆ ಒಟ್ಟು 30 ಆದವು. ಹೆಚ್ಚಿನವಕ್ಕೆ ಹಡಗು ಕಂಪನಿಗಳ ಹೆಸರು.

ಚೆನ್ನಾಗಿತ್ತಾ ಅಂದರೆ, ಅರ್ಧ ಹೌದು. ಬಾಯ್ಲರ್ ಅದ್ಭುತ. ಚದರ ಇಂಚಿಗೆ 280 ಪೌಂಡ್ ಒತ್ತಡ, ತಾಮ್ರದ ಬದಲು ವೆಲ್ಡ್ ಮಾಡಿದ ಉಕ್ಕಿನ ಫೈರ್‌ಬಾಕ್ಸ್, ಅಂದರೆ ಕಲ್ಲಿದ್ದಲು ಉರಿಯುವ ಒಲೆ. ಉಗಿ ಸಾಲದು ಅನ್ನುವ ಮಾತೇ ಇಲ್ಲ. ಕ್ಯಾಬಿನಲ್ಲಿ ಕರೆಂಟ್ ದೀಪ. ಕಲ್ಲಿದ್ದಲು ಹಾಕುವ ಫೈರ್‌ಮನ್ ಪೆಡಲ್ ತುಳಿದರೆ ಒಲೆಯ ಬಾಗಿಲು ಉಗಿಯಿಂದಲೇ ತೆರೆಯುತ್ತಿತ್ತು. ಮೈಗೆ ಮಾತ್ರ ಚಪ್ಪಟೆ ತಗಡಿನ ಹೊದಿಕೆ, ಬೋಗಿ ತೊಳೆಯುವ ಯಂತ್ರದಲ್ಲೇ ಇದನ್ನೂ ತೊಳೆಯಬಹುದು ಅಂತ. ಜನ ಮಾಂಸದ ಡಬ್ಬಿಗೆ ಹೋಲಿಸಿ ಸ್ಪ್ಯಾಮ್ ಕ್ಯಾನ್ ಎಂದರು. ಹೊಗೆ ಕೆಳಗಿಳಿದು ಡ್ರೈವರ್ ಕಣ್ಣಿಗೆ ಅಡ್ಡ ಬರುತ್ತಿತ್ತು.

ನಿಜವಾದ ತಲೆನೋವು ಚೈನ್. ಸಿಲಿಂಡರಿಗೆ ಉಗಿ ಬಿಡುವ ವಾಲ್ವ್ ಗೇರನ್ನು ಬುಲೀಡ್ ಚೈನಿನಿಂದ ಓಡಿಸಿ, ಎಲ್ಲವನ್ನೂ ಎಣ್ಣೆ ತುಂಬಿದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರು. ದಿನಾ ಎಣ್ಣೆ ಬಿಡುವ ಕೆಲಸ ತಪ್ಪಲಿ ಎಂಬ ಒಳ್ಳೆ ಯೋಚನೆಯೇ. ಆದರೆ ಸೈಕಲ್ ಚೈನ್ ಸವೆದು ಜೋಲು ಬೀಳುತ್ತದಲ್ವಾ, ಇಲ್ಲೂ ಅದೇ ಕಥೆ. ಪೆಟ್ಟಿಗೆಯೊಳಗೆ ನೀರು ಸೇರಿ ತುಕ್ಕು ಹಿಡಿಯಿತು. ಎಣ್ಣೆ ಸೋರಿ ಗಾಲಿ ಜಾರಿತು. ಹೊದಿಕೆಯೊಳಗೆ ನೆನೆದ ಎಣ್ಣೆಗೆ ಬೆಂಕಿ ಬಿದ್ದದ್ದೂ ಉಂಟು. 1953ರಲ್ಲಿ ಕ್ರೂಕರ್ನ್ ಹತ್ತಿರ ಬಿಬ್ಬಿ ಲೈನ್ ಎಂಬ ಇಂಜಿನ್ನಿನ ಆಕ್ಸಲ್ ಓಡುವಾಗಲೇ ಮುರಿಯಿತು. ತಪಾಸಣೆಗೆ ಈ ಮಾದರಿಯ ಇಂಜಿನ್ನುಗಳನ್ನೆಲ್ಲ ಓಡಾಟದಿಂದ ತೆಗೆದರು. 1956ರಿಂದ 1959ರೊಳಗೆ ಎಂಜಿನಿಯರ್ ರಾನ್ ಜಾರ್ವಿಸ್ ವಿನ್ಯಾಸದಂತೆ 30ನ್ನೂ ಬಿಚ್ಚಿ ಮತ್ತೆ ಕಟ್ಟಿದರು. ಚೈನೂ ಹೋಯಿತು, ತಗಡೂ ಹೋಯಿತು, ಬಾಯ್ಲರ್ ಮಾತ್ರ ಉಳಿಯಿತು.

ಯಾರ್ಕ್‌ನ ನ್ಯಾಷನಲ್ ರೈಲ್ವೆ ಮ್ಯೂಸಿಯಂನಲ್ಲಿ ಇದೇ ಮಾದರಿಯ ಎಲ್ಲರ್ಮನ್ ಲೈನ್ಸ್ ಎಂಬ ಇಂಜಿನ್ನನ್ನು ಪಕ್ಕದಿಂದ ಸೀಳಿ ಇಟ್ಟಿದ್ದಾರೆ. ಬಾಯ್ಲರಿನ ಕೊಳವೆ ಸಾಲು ಜೇನುಗೂಡಿನ ಹಾಗೆ ಕಾಣುತ್ತದೆ. ನಾನು ಪೆದ್ದನ ಹಾಗೆ ಬಗ್ಗಿ ಬಗ್ಗಿ ಚೈನ್ ಹುಡುಕಿದೆ. ಅದೂ ಮತ್ತೆ ಕಟ್ಟಿದ ಇಂಜಿನ್ನೇ ಅನ್ನೋದು ಆಮೇಲೆ ಹೊಳೆಯಿತು! ಚೈನ್ ಇರುವ ಮರ್ಚೆಂಟ್ ನೇವಿ ಒಂದೂ ಉಳಿದಿಲ್ಲ. ಜನರಲ್ ಸ್ಟೀಮ್ ನ್ಯಾವಿಗೇಷನ್ ಎಂಬ ಇಂಜಿನ್ನನ್ನು ಹಳೇ ರೂಪಕ್ಕೆ ತರಲು ಉತ್ಸಾಹಿಗಳ ಒಂದು ಗುಂಪು ಹೊರಟಿದೆ, ಅದೇ ಚೈನ್ ಸಮೇತ.